ನಾಲ್ಕು ಡಬ್ಬಿ ಶೇಂಗಾ ಚಟ್ನಿ

ನಾನು ಸೋಲಾಪುರದಲ್ಲಿ ಮೂವತ್ತು ವರ್ಷ ಪಾಲಿಕೆಯ ಆರೋಗ್ಯ ಖಾತೆಯಲ್ಲಿ ನಿರೀಕ್ಷಕಿಯಾಗಿದ್ದೆ. ಹೋಟೆಲಿನ ಒಲೆ, ಭಜಿ ಗಾಡಿಯ ಎಣ್ಣೆ, ಡೇರಿಯ ಕ್ಯಾನು, ಐಸಿನ ಕಾರ್ಖಾನೆಯ ನೀರು, ಅಡುಗೆಯವರ ಉಗುರು, ಇವನ್ನೆಲ್ಲ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಈ ಮೂವತ್ತು ವರ್ಷದಲ್ಲಿ ಊರಿನ ಯಾವ ಅಂಗಡಿಯಲ್ಲೂ ಒಂದು ಗುಟುಕು ಚಹಾ ಕುಡಿದವಳಲ್ಲ. ಇದನ್ನು ಎದೆ ಸೆಟೆಸಿ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ.

ನೇಮ ಹಾಕಿಕೊಟ್ಟವರು ನನ್ನನ್ನು ಕೆಲಸಕ್ಕೆ ಪಳಗಿಸಿದ ಹಿರಿಯ ನಿರೀಕ್ಷಕರು. ಮೊದಲ ದಿನವೇ ಕರೆದು ಕೂರಿಸಿಕೊಂಡು ಹೇಳಿದ್ದರು: "ನೋಡವಾ, ಒಂದ ಕಪ್ ಚಹಾ ಕುಡದಿ ಅಂದ್ರ ಆ ಅಂಗಡ್ಯಾಗಿನ ಒಂದ ಇಲಿ ನಿನಗ ಕಾಣಂಗಿಲ್ಲ. ಎರಡ ಕಪ್ ಕುಡದಿ ಅಂದ್ರ ಎರಡ ಇಲಿ." ನಾನು ಮೈಂದರ್ಗಿಯ ಒಕ್ಕಲುತನದ ಮನೆಯಿಂದ ಬಂದ ಹುಡುಗಿ. ಇಲಿ ಎಂದರೆ ಏನು, ಅದು ಒಂದು ರಾತ್ರಿಯಲ್ಲಿ ಎಷ್ಟು ಜೋಳ ತಿನ್ನುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿತ್ತು. ಆ ಮಾತು ಎದೆಗೆ ನಾಟಿತು.

ಆದರೆ ಸೋಲಾಪುರದಲ್ಲಿ ಚಹಾ ಬೇಡ ಎನ್ನುವುದು ಸುಲಭದ ಮಾತಲ್ಲ. ಇಲ್ಲಿ ದಂಡದ ಚೀಟಿ ಹರಿದು ಕೈಗಿಟ್ಟರೂ "ಬರ್ರಿ, ಕೂಡ್ರಿ, ಅರ್ಧ ಕಪ್ ತಗೋರಿ" ಎನ್ನುತ್ತಾರೆ. ಅದರಲ್ಲಿ ಲಂಚವೆಷ್ಟು, ರೂಢಿಯೆಷ್ಟು, ನಿಜವಾದ ಅಕ್ಕರೆಯೆಷ್ಟು ಎಂದು ಬೇರೆ ಮಾಡುವ ಜರಡಿ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ಬೇಡ ಎಂದೆ. ಬೇಸಿಗೆಯ ಉರಿಯಲ್ಲೂ ನನ್ನ ಚೀಲದಲ್ಲಿ ನನ್ನದೇ ನೀರಿನ ಬಾಟಲಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ನೀರು ಕಾದು ಸ್ನಾನಕ್ಕೆ ಹದವಾಗಿರುತ್ತಿತ್ತು, ಅದನ್ನೇ ಕುಡಿಯುತ್ತಿದ್ದೆ.

ನನ್ನ ಸಿಟ್ಟು ಪೇಟೆಗೆಲ್ಲ ಪರಿಚಿತ. ನಾನು ಓಣಿಯ ತಿರುವಿನಲ್ಲಿ ಕಂಡರೆ ಸಾಕು, "ಮ್ಯಾಡಮ್ ಆಲ್ಯಾ", ಮ್ಯಾಡಮ್ ಬಂದರು ಎಂಬ ಪಿಸುಮಾತು ನನಗಿಂತ ಮುಂದೆ ಓಡುತ್ತಿತ್ತು. ಮಿಠಾಯಿಯ ಮೇಲೆ ಜಾಳಿಗೆ ಬೀಳುತ್ತಿತ್ತು, ಬೋಳು ತಲೆಯ ಅಡುಗೆಯವನೂ ಟೊಪ್ಪಿಗೆ ಹುಡುಕುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ. ಅವರನ್ನು ಬೈದಷ್ಟೇ ಪ್ರೀತಿಸಿದ್ದೇನೆ, ಆದರೆ ಬೈದದ್ದು ಮಾತ್ರ ಅವರಿಗೆ ಕೇಳಿಸುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮ ಖಾತೆಗೆ ಅಷ್ಟಾಗಿ ಒಗ್ಗುವುದಿಲ್ಲ. ಕೆಸರಿಗೂ ಮೊಸರಿಗೂ ನಡುವೆ ಸಾಬೂನು ಬೇಕು ಎನ್ನುವವರು ನಾವು.

ಸಾಬೂನಿಗೆ ನೀರು ಬೇಕಲ್ಲ. ಈ ಊರಿನಲ್ಲಿ ನಳಕ್ಕೆ ನೀರು ದಿನಾ ಬರುವುದಿಲ್ಲ. ಬಂದ ದಿನ ಮನೆಮಂದಿಯೆಲ್ಲ ಕೊಡ, ಬಕೆಟ್ಟು, ಪಾತೆಲಿ ಹಿಡಿದು ಸಾಲುಗಟ್ಟುತ್ತಾರೆ. ನೀರು ಬಿಡುವುದೂ ಪಾಲಿಕೆ, ಕೈ ತೊಳೆದಿಲ್ಲವೆಂದು ದಂಡ ಹಾಕುವುದೂ ಪಾಲಿಕೆ. ಇದನ್ನು ನನ್ನ ಮುಖಕ್ಕೆ ಹೇಳಿದವಳು ಒಬ್ಬಳೇ. ಅವಳ ಕತೆಯೇ ಇದು.

ಪೇಟೆಯ ಹಳೆಯ ಓಣಿಯೊಂದರಲ್ಲಿ ಆಕೆಯ ಮನೆ. ಎಲ್ಲರೂ ಆಯಿ ಎಂದೇ ಕರೆಯುವುದು. ಗಂಡನದು ಕಿರಾಣಿ ಅಂಗಡಿ. ಆತ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಮನೆಯ ನಡುವಿನ ಅಂಗಳದಲ್ಲಿ ಒರಳು ಹೂಳಿಸಿ ಶೇಂಗಾ ಚಟ್ನಿ ಕುಟ್ಟಲು ಶುರು ಮಾಡಿದ್ದಳು. ಶೇಂಗಾ ಭಂಡಾರಕವಠೆಯ ಕಡೆಯಿಂದ ಬರುತ್ತಿತ್ತು. ಆಯಿ ಅದನ್ನು ಮೊರಕ್ಕೆ ಹಾಕಿಕೊಂಡು ಒಂದೊಂದೇ ಕಾಳು ಆರಿಸುತ್ತಿದ್ದಳು. ಕರ್ರಗಾದದ್ದು, ಮುದುಡಿದ್ದು, ಬೂಸು ಹತ್ತಿದ್ದು ಎಲ್ಲ ಬೆರಳಿಗೇ ತಿಳಿಯುತ್ತಿತ್ತು, ಕಣ್ಣು ಬೇಕಾಗಿರಲಿಲ್ಲ. ಆಮೇಲೆ ಹುರಿದು, ಸಿಪ್ಪೆ ತೂರಿ, ಕೆಂಪು ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕಬ್ಬಿಣದ ಒನಕೆಯಿಂದ ಕುಟ್ಟುವುದು. ಹದವಾಗಿ ಕುಟ್ಟಿದರೆ ಶೇಂಗಾ ತನ್ನ ಎಣ್ಣೆಯನ್ನು ತಾನೇ ಬಿಡುತ್ತದೆ. ಸೊಸೆ ಅದನ್ನು ಡಬ್ಬಿಗೆ ತುಂಬಿ, ಒಳಗೆ ಏನೇನಿದೆ ಎಂದು ಬರೆದ ಚೀಟಿ ಅಂಟಿಸುತ್ತಿದ್ದಳು. ಚಟ್ನಿಯ ಮುಕ್ಕಾಲು ಪಾಲು ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋಗುತ್ತಿತ್ತು. ಅಲ್ಲಿ ಗುರುವಾರ ಸ್ವಾಮಿಯ ಮಠಕ್ಕೆ ಬರುವ ಭಕ್ತರ ಗದ್ದಲ, ಊಟದ ಮನೆಗಳು ಹತ್ತಾರು. ಅವುಗಳಲ್ಲಿ ಸುಮಾರು ಮನೆಗಳಿಗೆ ಆಯಿಯ ಚಟ್ನಿಯೇ ಆಗಬೇಕು.

ನಮ್ಮ ಪರಿಚಯ ಆದದ್ದು ದಂಡದಿಂದ. ಮೆಣಸಿನಕಾಯಿಯನ್ನು ಓಣಿಯಲ್ಲಿ ಹಾಸಿ ಒಣಗಿಸಿದ್ದಳು. ಮೇಲಿಂದ ಒಂದು ಆಡು ದಾಟಿಹೋಗಿತ್ತು. ನಾನು ಚೀಟಿ ಬರೆದೆ, ಜೊತೆಗೆ ಕೈ ತೊಳೆಯುವ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಆಯಿ ಎಲ್ಲವನ್ನೂ ಕೇಳಿಸಿಕೊಂಡು, "ಮದಲ ನಳಕ್ಕ ನೀರ ಬಿಡಸ, ಆಮ್ಯಾಲ ಕೈ ತೊಳಿ ಅನ್ನು" ಎಂದಳು. ಮರುಕ್ಷಣವೇ ಆಕೆ ಒಳಗೆ ಹೋಗಿ ಚಹಾ ತಂದಳು. ನಾನು ಬೇಡ ಎಂದೆ. ಎರಡು ಸಲ ಕೇಳಿದಳು, ಎರಡು ಸಲವೂ ಬೇಡ ಎಂದೆ. ಆಗ ಆಕೆ ಆ ಚಹಾದ ಬಸಿಯನ್ನು ಹಾಗೇ ಒಯ್ದು ಅಂಗಳದ ತುಳಸಿಯ ಬುಡಕ್ಕೆ ಸುರಿದಳು. ಬಂದವರ ಪಾಲಿನದನ್ನು ಮನೆಯವರು ಕುಡಿಯಬಾರದಂತೆ.

ಅಲ್ಲಿಂದ ಇದೇ ರೂಢಿಯಾಯಿತು. ವರ್ಷಕ್ಕೆ ಮೂರ್ನಾಲ್ಕು ಸಲ ನಾನು ಹೋಗುವುದು, ಒರಳು, ಮೊರ, ಕೈ, ಮೋರಿ ನೋಡುವುದು, ಆಕೆ ಚಹಾ ತರುವುದು, ನಾನು ಬೇಡ ಎನ್ನುವುದು, ತುಳಸಿ ಕುಡಿಯುವುದು. ನನ್ನಿಂದಾಗಿ ಆ ಮನೆಯ ತುಳಸಿಗೆ ಚಹಾದ ಚಟ ಹತ್ತಿತು. ಚಹಾ ಬೇಡವೆಂದರೆ ಜೋಳದ ಭಕ್ಕರಿ, ಚಟ್ನಿಯ ಮಾತು ಬರುತ್ತಿತ್ತು. "ಕೂಡ್ರು ಮಗಳ. ಒಂದ ಗುಳಿ ತಗಿ, ಸಾಕು." ನಮ್ಮ ಕಡೆ ಗುಳಿ ತೆಗೆಯುವುದೆಂದರೆ ಉಣ್ಣಲು ಕೂಡುವುದು ಎಂದೇ ಅರ್ಥ. ಭಕ್ಕರಿಯ ಮೇಲೆ ಚಟ್ನಿ ಗುಡ್ಡೆಯಾಗಿ ಬಡಿಸಿದ ಮೇಲೆ ಉಣ್ಣುವವರು ಅದರ ನಡುವೆ ಬೆರಳಿನಿಂದ ಒಂದು ಗುಳಿ ಮಾಡಬೇಕು. ಅದು ಒಪ್ಪಿಗೆಯ ಗುರುತು. ನಾನು ಮೆಟ್ಟು ಮೆಟ್ಟಿಕೊಂಡು ಹೊರಗೆ ಬರುತ್ತಿದ್ದೆ.

ಗುಟ್ಟೊಂದನ್ನು ಹೇಳಿಬಿಡುತ್ತೇನೆ. ಆಯಿಯ ಚಟ್ನಿ ನನಗೆ ಬಲು ಇಷ್ಟ. ತವರಿಗೆ ಹೋಗುವಾಗ ಅಕ್ಕಲಕೋಟದಲ್ಲಿ ಇಳಿದು ಮೈಂದರ್ಗಿಯ ಬಸ್ಸು ಕಾಯಬೇಕು. ಅಕ್ಕಲಕೋಟ ಬೇರೆ ಊರು, ಅಲ್ಲಿಗೆ ಬೇರೆ ನಗರಸಭೆ. ಅಲ್ಲಿ ನಾನು ಬರೀ ಹಸಿದ ಹೆಂಗಸು. ನಿಲ್ದಾಣದ ಹತ್ತಿರದ ಊಟದ ಮನೆಯಲ್ಲಿ ಕೂತು, ಎರಡು ಸಲ ಕೇಳಿ ಹಾಕಿಸಿಕೊಂಡು ಆಯಿಯ ಚಟ್ನಿ ತಿನ್ನುತ್ತಿದ್ದೆ. ಸೋಲಾಪುರದಲ್ಲಿ ಇದನ್ನು ಯಾರಿಗೂ ಹೇಳಲಿಲ್ಲ, ಆಯಿಗಂತೂ ಹೇಳಲೇ ಇಲ್ಲ.

ನಾನು ನಿವೃತ್ತಳಾಗಲು ಇನ್ನೇನು ಒಂದು ವರ್ಷವಿತ್ತು. ಆ ಬೇಸಿಗೆಯಲ್ಲಿ ಊರಲ್ಲಿ ಮಾರುವ ಚಟ್ನಿ, ಖಾರ, ಮಸಾಲೆಗಳನ್ನೆಲ್ಲ ಪರೀಕ್ಷೆ ಮಾಡಿಸಬೇಕೆಂದು ಆದೇಶ ಬಂತು. ಕೆಲವರು ಶೇಂಗಾ ಬದಲು ದನಕ್ಕೆ ಹಾಕುವ ಶೇಂಗಾ ಹಿಂಡಿಯನ್ನು ಕುಟ್ಟಿ, ಹೊಳಪಿಗೆ ಅಗ್ಗದ ಎಣ್ಣೆ ಕಲಸಿ ಮಾರುತ್ತಾರೆಂಬ ದೂರು ಇತ್ತು. ಪರೀಕ್ಷೆಗೆ ನಮುನೆ ತೆಗೆಯುವ ಅಧಿಕಾರ ರಾಜ್ಯದ ಆಹಾರ ಖಾತೆಯದು. ಅವರಿಗೆ ಜನ ಸಾಲದೆ ನಮ್ಮನ್ನೂ ಜೊತೆಗೆ ಕೊಟ್ಟಿದ್ದರು. ಸಹಿ ಅವರದು, ಓಡಾಟ ನಮ್ಮದು. ನಿಯಮ ಸರಳ: ಅಧಿಕಾರಿ ತನ್ನ ಕೈಯಾರೆ, ಮಾರಾಟಕ್ಕಿಟ್ಟ ಮಾಲಿನಿಂದಲೇ ತೆಗೆದು, ನಾಲ್ಕು ಡಬ್ಬಿಗೆ ಹಂಚಿ, ಮಾಲಕರ ಎದುರಿಗೇ ಅರಗಿನ ಮುದ್ರೆ ಒತ್ತಬೇಕು. ಒಂದು ಡಬ್ಬಿ ಪ್ರಯೋಗಾಲಯಕ್ಕೆ, ಉಳಿದವು ತಂಟೆ ಬಂದರೆ ಮತ್ತೆ ನೋಡಲು.

ಆಯಿಯ ಮನೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಬೆಳಿಗ್ಗೆಯಿಂದ ಹನ್ನೊಂದು ಅಂಗಡಿ ಹತ್ತಿ ಇಳಿದು ನನ್ನ ಮೊಣಕಾಲು ಮುಷ್ಕರ ಹೂಡಿದ್ದವು. ಜೊತೆಗಿದ್ದ ಅಧಿಕಾರಿ ಓಣಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಸೊಸೆ ಮನೆಯಲ್ಲಿರಲಿಲ್ಲ. ಆಯಿ ಕಟ್ಟೆಗೆ ಚಾಪೆ ಹಾಸಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಆ ಮನೆಯಲ್ಲಿ ಕೂತೆ. ಕೂತು, ಮರಾಠಿಯ ಅರ್ಜಿಗಳನ್ನು ತೊಡೆಯ ಮೇಲೆ ಹರಡಿಕೊಂಡು, ತಲೆ ಎತ್ತದೆ ಹೇಳಿದೆ: "ಆಯಿ, ಇವತ್ತ ನಾಲ್ಕ ಡಬ್ಬಿ ಚಟ್ನಿ ಬೇಕ್ರಿ ನನಗ."

ಆಮೇಲೆ ತಲೆ ಎತ್ತಿದಾಗ ಆಕೆಯ ಮುಖ ಅರಳಿದ್ದು ಕಂಡಿತು. ನಮುನೆ ಎಂದರೆ ಬೆವರುವವರನ್ನೇ ನೋಡಿದ್ದ ನನಗೆ, ಇಷ್ಟು ಖುಷಿಯಿಂದ ಕೊಡುವವರೂ ಇದ್ದಾರಲ್ಲ ಎಂದು ಸಮಾಧಾನವಾಯಿತು. ತಡೆಯಿರಿ, ನಾನೇ ಬಂದು ತೆಗೆಯುತ್ತೇನೆ ಎನ್ನಬೇಕಿತ್ತು. ಮೊಣಕಾಲು ಬೇಡವೆಂದಿತು. ನನ್ನ ಚೀಲದಲ್ಲಿದ್ದ ನಾಲ್ಕು ಖಾಲಿ ಡಬ್ಬಿಗಳನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಒಳಗೆ ಹೋಗಿ ಒಂದಷ್ಟು ಹೊತ್ತಿನ ಮೇಲೆ ತುಂಬಿ ತಂದಳು. ಚಟ್ನಿ ಮಿರಿಮಿರಿ ಹೊಳೆಯುತ್ತಿತ್ತು. ಈಗಷ್ಟೇ ಕುಟ್ಟಿದ್ದು ಎಂದುಕೊಂಡೆ. ಮುದ್ರೆ ಒತ್ತಿ, ಆಕೆಯ ಹೆಬ್ಬೆಟ್ಟು ಹಾಕಿಸಿ, ಹೊರಗಿದ್ದ ಅಧಿಕಾರಿಯ ಸಹಿ ಪಡೆದು ಹೊರಟೆ. ಆ ದಿನ ಆಯಿ ಚಹಾ ಕೇಳಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಬಹಳ ದಿನಗಳ ಮೇಲೆ.

ವರದಿ ಬಂತು. ಊರಿನ ಅರ್ಧ ಡಜನ್ ಮಾಲು ಕೆಟ್ಟದ್ದೆಂದು ಬಂದಿತ್ತು. ಅವುಗಳಲ್ಲಿ ಆಯಿಯದೂ ಒಂದು. ಶೇಂಗಾ ಎಣ್ಣೆಯ ಹೊರತು ಬೇರೆ ಎಣ್ಣೆ ಬೆರೆತಿದೆ, ಚೀಟಿಯಲ್ಲಿ ಅದನ್ನು ಹೇಳಿಲ್ಲ, ಹಿಂಡಿಯ ಸಂಶಯವಿದೆ ಎಂದು ಬರೆದಿತ್ತು. ನಾನು ಎರಡು ಸಲ ಓದಿದೆ. ಮೊದಲು ನಂಬಿಕೆ ಬರಲಿಲ್ಲ. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಸಿಟ್ಟು ಬಂತು. ಮುದುಕಿ ಇಷ್ಟು ವರ್ಷ ಚಹಾ ಹಿಡಿದು ನಿಂತದ್ದು ಇದಕ್ಕೇ ಏನು ಎಂದು ಒಂದು ಗಳಿಗೆ ಅನ್ನಿಸಿಬಿಟ್ಟಿತು. ಮನಸ್ಸು ಎಷ್ಟು ಬೇಗ ಕೊಳೆಯಾಗುತ್ತದೆ ನೋಡಿ. ಅದನ್ನು ತಪಾಸಣೆ ಮಾಡುವ ಖಾತೆ ಎಲ್ಲೂ ಇಲ್ಲ.

ನೋಟಿಸು ಕೊಡಲು ಹೋದದ್ದೂ ನಾನೇ. ಕುಟ್ಟುವುದನ್ನು ನಿಲ್ಲಿಸಬೇಕು, ಒಂದು ತಿಂಗಳೊಳಗೆ ಉತ್ತರ ಕೊಡಬೇಕು, ಇಲ್ಲವಾದರೆ ಪರವಾನಿಗೆ ರದ್ದು. ಸೊಸೆ ಮರಾಠಿಯಲ್ಲಿದ್ದ ಕಾಗದವನ್ನು ಓದಿ ಆಯಿಗೆ ಕನ್ನಡದಲ್ಲಿ ಹೇಳಿದಳು. ಹಿಂಡಿ ಎಂಬ ಮಾತನ್ನು ಎರಡು ಸಲ ಹೇಳಬೇಕಾಯಿತು. ಆಯಿ ಎದ್ದು ಹೋಗಿ ಶೇಂಗಾ ಚೀಲದ ಬಾಯಿ ಬಿಚ್ಚಿ, ಒಂದು ಬೊಗಸೆ ತೆಗೆದು ಮೂಸಿ ನೋಡತೊಡಗಿದಳು. ಸೊಸೆ ನನ್ನನ್ನು ಬಾಗಿಲ ತನಕ ಬಿಡಲು ಬಂದು ಹೇಳಿದಳು: "ನಮ್ಮನಿ ಅನ್ನ ಒಂದ ದಿನಾ ಮುಟ್ಟಲಿಲ್ಲ ನೀವು. ಈಗ ನಮ್ಮನಿ ಅನ್ನಕ್ಕ ಕೈ ಹಾಕಿದ್ರಿ."

ಊರ ಬಾಯಿಗೆ ಕೈ ಅಡ್ಡ ಹಿಡಿಯಲಾದೀತೇ. ವಾರ ಕಳೆಯುವಷ್ಟರಲ್ಲಿ ಸುದ್ದಿ ಅಕ್ಕಲಕೋಟ ಮುಟ್ಟಿತು. ಹೋಗಿದ್ದ ಡಬ್ಬಿಗಳು ಅದೇ ಎಸ್.ಟಿ. ಬಸ್ಸಿನಲ್ಲಿ ಹಿಂದಕ್ಕೆ ಬಂದವು. ಆಯಿ ತಪ್ಪು ಶೇಂಗಾದಲ್ಲೇ ಇದೆಯೆಂದು ತಿಳಿದು, ಮನೆಯಲ್ಲಿದ್ದ ಮಾಲನ್ನೆಲ್ಲ ಹೊರಹಾಕಿಸಿದಳಂತೆ. ಒರಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳಂತೆ. ಮತ್ತೆ ತಿಕ್ಕಿದಳಂತೆ. ನಳಕ್ಕೆ ನೀರು ಬಂದ ದಿನದ ನೀರೆಲ್ಲ ಒರಳಿಗೇ ಹೋಯಿತೆಂದು ಓಣಿಯವರು ಹೇಳಿದರು. ಸೊಸೆ ಮೇಲಿನ ಪ್ರಯೋಗಾಲಯಕ್ಕೆ ಇನ್ನೊಂದು ಡಬ್ಬಿ ಕಳಿಸಿ ಎಂದು ಅರ್ಜಿ ಕೊಡುವವಳಿದ್ದಳು. ನನಗೆ ಇರುಳು ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಆಕೆ ಮೋಸ ಮಾಡಿಲ್ಲವೆಂದು ಕಾಳು ಆರಿಸುವ ಆ ಕೈ ಹೇಳುತ್ತಿತ್ತು, ಮಾಡಿದ್ದಾಳೆಂದು ಕಾಗದ ಹೇಳುತ್ತಿತ್ತು.

ಆ ಭಾನುವಾರ ತವರಿಗೆ ಹೋದೆ. ಅಕ್ಕಲಕೋಟದ ಊಟದ ಮನೆಯಲ್ಲಿ ತಟ್ಟೆಗೆ ಯಾವುದೋ ಕಾರ್ಖಾನೆಯ ಚಟ್ನಿ ಬಂತು. ಎರಡನೆಯ ಸಲ ಕೇಳಬೇಕೆನಿಸಲಿಲ್ಲ. ಅರ್ಧಕ್ಕೇ ಎದ್ದು ಮೈಂದರ್ಗಿಯ ಬಸ್ಸು ಹಿಡಿದೆ.

ಮನೆಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಮಂಗಳವೇಢೆಯ ಜೋಳದ ಬಿಸಿ ಭಕ್ಕರಿ ತಟ್ಟಿ ಹಾಕಿದಳು. ಮೇಲೆ ಚಟ್ನಿ ಗುಡ್ಡೆ. ನಾನು ಹೊಲದ ಸುದ್ದಿ ಕೇಳುತ್ತ, ನೋಡದೆಯೇ ಬೆರಳಿನಿಂದ ಗುಳಿ ಮಾಡಿದೆ. ವೈನಿ ಮಾತಾಡುತ್ತಲೇ ಗಿಂಡಿ ಬಗ್ಗಿಸಿ ಗುಳಿ ತುಂಬ ಕುಸುಬಿ ಎಣ್ಣೆ ಸುರಿದಳು. ಹಸಿ ಎಣ್ಣೆಯ ಘಮ ಎದ್ದಿತು. ನನ್ನ ಕೈ ಅಲ್ಲೇ ನಿಂತಿತು.

"ಯಾಕ, ಎಣ್ಣಿ ಹೆಚ್ಚಾತೇನ?" ವೈನಿ ಕೇಳಿದಳು.

"ವೈನಿ, ಚಟ್ನಿಗಿ ಎಣ್ಣಿ ಹಾಕದs ಯಾರಿಗರೆ ಕೊಟ್ಟೀಯೇನ ನೀ?"

"ಬೋಳ ಚಟ್ನಿ? ಮನಿಗಿ ಬಂದವರಿಗಿ? ಹಂಗ ಕೊಡತಾರೇನ ಯಾರರೆ?" ಎಂದು ಆಕೆ ನನ್ನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿದಳು.

ಗುಳಿ ಮಾಡುವುದು ಬಂದವರ ಕೆಲಸ, ಅದನ್ನು ಎಣ್ಣೆಯಿಂದ ತುಂಬುವುದು ಮನೆಯವರ ಕೆಲಸ. ಅಂಗಡಿಯ ಮಾಲು ಬೋಳಾಗಿ ಹೋಗಬಹುದು, ಅದು ವ್ಯಾಪಾರ. ಮನೆಯ ಕೈಯಿಂದ ಬೋಳು ಚಟ್ನಿ ಹೋಗುವುದಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಎಷ್ಟು ಗೊತ್ತೆಂದರೆ, ಗೊತ್ತಿದೆ ಎಂಬುದೇ ಮರೆತುಹೋಗಿತ್ತು. ಹನ್ನೊಂದು ಅಂಗಡಿಗಳ ಮೂಲೆಮೂಲೆ ನೋಡಿದ ಕಣ್ಣಿಗೆ ತನ್ನ ತಟ್ಟೆ ಕಂಡಿರಲಿಲ್ಲ. ನಾಲ್ಕೂ ಡಬ್ಬಿಯಲ್ಲಿ ಅದೇ ಕುಸುಬಿ ಎಣ್ಣೆ. ಯಾವ ಮೇಲಿನ ಪ್ರಯೋಗಾಲಯಕ್ಕೆ ಕಳಿಸಿದರೂ ಅದೇ ವರದಿ. ಆ ಮನೆಯನ್ನು ಉಳಿಸಬಲ್ಲದ್ದು ಒಂದೇ ಒಂದು ಕಾಗದ, ಅದನ್ನು ನಾನೇ ಬರೆಯಬೇಕು.

ಸೋಮವಾರ ನಮ್ಮ ಮೇಲಧಿಕಾರಿಯ ಎದುರು ಕೂತು ಎಲ್ಲ ಹೇಳಿದೆ. ಅವರು ಒಳ್ಳೆಯ ಮನುಷ್ಯ, ನನ್ನ ಬಗ್ಗೆ ಗೌರವವಿದ್ದವರು. "ಮ್ಯಾಡಮ್, ಕಶಾಲಾ ಡೋಕ್ಯಾಲಾ ತಾಪ?" ಎಂದರು. ಸುಮ್ಮನೆ ಯಾಕೆ ತಲೆಬೇನೆ ತಂದುಕೊಳ್ಳುತ್ತೀರಿ, ಮುದುಕಿ ದಂಡ ಕಟ್ಟಲಿ, ಚೀಟಿಯಲ್ಲಿ ಎಣ್ಣೆ ಎಂದು ಸೇರಿಸಲಿ, ಮುಗಿಯಿತು, ನಿಮ್ಮ ಸೇವೆ ಇನ್ನೆಷ್ಟು ದಿನ ಉಳಿದಿದೆ ಎಂದು ತಿಳಿಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ದಂಡ ಕಟ್ಟಿದರೆ ಹಿಂಡಿ ಕುಟ್ಟಿದ್ದು ನಿಜವೆಂದು ಆಗುತ್ತಿತ್ತು. ಒಂದೊಂದೇ ಕಾಳು ಆರಿಸಿದ ಆ ಬೆರಳಿಗೆ ಆ ಹೆಸರು ಅಂಟುತ್ತಿತ್ತು. ನಾನು ಬರೆದುಕೊಟ್ಟೆ: ನಮುನೆಯನ್ನು ನಾನು ನನ್ನ ಕೈಯಾರೆ ತೆಗೆಯಲಿಲ್ಲ, ಮಾರಾಟದ ಮಾಲಿನಿಂದ ತೆಗೆದದ್ದೆಂದು ನೋಡಿಕೊಳ್ಳಲಿಲ್ಲ, ಇದು ನನ್ನ ಅಸಡ್ಡೆ. ಮಾಡಿದ್ದುಣ್ಣೋ ಮಹಾರಾಯ. ನನ್ನ ಸೇವಾ ಪುಸ್ತಕದಲ್ಲಿ ಮೂವತ್ತು ವರ್ಷದಲ್ಲಿ ಮೊದಲ ಸಲ ಕೆಂಪು ಶಾಯಿ ಬಿತ್ತು. ನೋವಾಗಲಿಲ್ಲವೆಂದು ಸುಳ್ಳು ಹೇಳುವುದಿಲ್ಲ.

ಅದಕ್ಕಿಂತ ಕಷ್ಟದ್ದು ಆಯಿಗೆ ಹೇಳುವುದಾಗಿತ್ತು. ಅಂಗಳದಲ್ಲಿ ಒರಳು ತೊಳೆದು ಮಗುಚಿದ ಪಾತ್ರೆಗಳ ನಡುವೆ ಸುಮ್ಮನೆ ಕೂತಿತ್ತು. ಸೊಸೆ ನನ್ನನ್ನು ಕಂಡು ಒಳಗೆ ಹೋದಳು, ಆದರೆ ಬಾಗಿಲ ಹಿಂದೆಯೇ ನಿಂತಳು. ನಾನು ಆಯಿಯ ಪಕ್ಕದಲ್ಲಿ ಕೂತೆ.

"ಆಯಿ, ಅವತ್ತಿನ ಡಬ್ಬಿಗಿ ಎಣ್ಣಿ ಹಾಕಿದ್ರೇನ್ರಿ?"

"ಹೌದ ಮತ್ತ. ಒಳಗ ನಮ್ಮ ಸಲುವಾಗಿ ಇಟ್ಟಿದ್ದ ಚಟ್ನಿ ತಗದು, ನಾನs ಗುಳಿ ಮಾಡಿ, ಹೊಸಾ ಕುಸುಬಿ ಎಣ್ಣಿ ಹಾಕಿ ಕಲಿಸಿದೆ. ಬೋಳ ಕೊಡ್ಲ್ಯಾ ನಿನಗ?"

"ಅದು ನನಗಲ್ರಿ. ಅದು ಪರೀಕ್ಷಾಕ. ಲ್ಯಾಬಿಗಿ ಹೋತು."

ಆಯಿ ನನ್ನ ಮುಖವನ್ನೇ ನೋಡಿದಳು. ಎಣ್ಣೆಯ ಮಾತು, ವರದಿಯ ಮಾತು, ಪರವಾನಿಗೆಯ ಮಾತು ಯಾವುದನ್ನೂ ಕೇಳಲಿಲ್ಲ. ಕೇಳಿದ್ದು ಇಷ್ಟೇ:

"ಅಂದ್ರ ನೀ ಅದನ ತಿನ್ನಲಿಲ್ಲೇನ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಇಷ್ಟ ವರ್ಷ ಆದ ಮ್ಯಾಲ ಬಾಯಿ ಬಿಟ್ಟ ಕೇಳೀದಿ, ಕುಂತೀದಿ, ಮತ್ತ ಡಬ್ಬಿ ಸೈತ ನೀನs ತಂದೀದಿ," ಎಂದಳು ಆಯಿ. "ನಾಲ್ಕ ಡಬ್ಬಿ ಅಂದಿ. ಮನ್ಯಾಗ ನಾಲ್ಕ ಮಂದಿ ಇದ್ದಾರು ಅಂತ ತಿಳಕೊಂಡೆ. ಅರಗ ಹಚ್ಚಿದ್ದು, ಹೆಬ್ಬಟ್ಟ ಹಾಕ್ಸಿದ್ದು, ನಿಮ್ಮ ಕಚೇರ್ಯಾಗ ಹಂಗ ಒಯ್ಯೂದು ಇರ್ತದ ಅಂತ ತಿಳಕೊಂಡೆ. ಅವತ್ತ ಸಂಜಿಕ ತುಳಸಿಗಿ ದೀಪಾ ಹಚ್ಚಿ ಹೇಳಿದೆ, ನಿನ್ನ ಚಹಾ ಇನ್ನ ಬಂದ್ ಆತವಾ ಅಂತ."

ನಾನು ಅತ್ತೆ. ನಿರೀಕ್ಷಕಿಯಾಗಿ ಒಂದು ಮನೆಯಲ್ಲಿ ಕೂತು ಅತ್ತದ್ದು ಅದೇ ಮೊದಲು, ಅದೇ ಕೊನೆ. ಆಮೇಲೆ ಅಕ್ಕಲಕೋಟದ ಗುಟ್ಟನ್ನೂ ಹೇಳಿದೆ. ನಿಮ್ಮ ಚಟ್ನಿ ಎಷ್ಟೋ ಸಲ ತಿಂದಿದ್ದೇನೆ, ಕೇಳಿ ಹಾಕಿಸಿಕೊಂಡು ತಿಂದಿದ್ದೇನೆ ಎಂದೆ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಂಗಡ್ಯಾಗ ತಿಂದದ್ದು ಬ್ಯಾರೆ, ಮನ್ಯಾಗ ತಿಂದದ್ದು ಬ್ಯಾರೆ" ಎಂದಳು. ವಾದದಲ್ಲಿ ಆಕೆಯನ್ನು ಗೆದ್ದವರಿಲ್ಲ.

ನಾನು ಬರೆದುಕೊಟ್ಟದ್ದರ ಮೇಲೆ ಮೊದಲ ನಮುನೆ ರದ್ದಾಯಿತು. ಎರಡನೆಯದನ್ನು ನಿಯಮದಂತೆಯೇ ತೆಗೆದೆವು. ಅದಕ್ಕಾಗಿ ಆಯಿ ಹೊಸ ಶೇಂಗಾ ಆರಿಸಿ ಕುಟ್ಟಿದ್ದಳು. ನಾನೇ ಕೈ ತೊಳೆದು, ನನ್ನ ಚಮಚದಿಂದ, ಸೊಸೆ ಚೀಟಿ ಅಂಟಿಸಿದ ಡಬ್ಬಿಯಿಂದ ತೆಗೆದು ತುಂಬಿದೆ. ಆಯಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು, ಶಾಲೆಯಲ್ಲಿ ಶಿಕ್ಷೆಯಾದ ಹುಡುಗಿಯ ಹಾಗೆ. ಅರಗು ಕರಗುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ನನ್ನ ಮನಿಯಿಂದ ಬೋಳ ಒಯ್ಯಾಕತ್ತೀದಿ ಮಗಳ," ಎಂದಳು. ಹೌದು ಆಯಿ, ಇದು ಕಚೇರಿಗೆ ಎಂದೆ. ನನ್ನ ಪಾಲು ಬಾಕಿ ಇರಲಿ ಎಂದೂ ಹೇಳಿದೆ.

ವರದಿ ಚೊಕ್ಕವಾಗಿ ಬಂತು. ಬರೀ ಶೇಂಗಾ, ಶೇಂಗಾದ್ದೇ ಎಣ್ಣೆ. ಸೊಸೆ ಅದರ ಪ್ರತಿಗಳನ್ನು ಮಾಡಿಸಿ, ತಾನೇ ಬಸ್ಸು ಹತ್ತಿ ಅಕ್ಕಲಕೋಟದ ಒಂದೊಂದು ಊಟದ ಮನೆಗೂ ಹೋಗಿ ತೋರಿಸಿ ಬಂದಳು. ಡಬ್ಬಿಗಳು ಮತ್ತೆ ಗುರುವಾರದ ಬಸ್ಸು ಹತ್ತಿದವು. ಎಲ್ಲರೂ ತಿರುಗಿ ಬರಲಿಲ್ಲ, ಆದರೆ ಒರಳು ಸುಮ್ಮನೆ ಕೂಡುವ ದಿನಗಳು ಮುಗಿದವು.

ನಿವೃತ್ತಳಾದ ಮರುದಿನ ಬೆಳಿಗ್ಗೆ ಚೀಲವಿಲ್ಲದೆ, ನೀರಿನ ಬಾಟಲಿಯಿಲ್ಲದೆ, ಆ ಓಣಿಗೆ ಹೋದೆ. ಹಳೆಯ ಚಾಳಿ, ಮೊದಲು ಮೋರಿ ನೋಡಿದೆ, ಸ್ವಚ್ಛವಾಗಿತ್ತು. ಒಳಗೆ ಹೋಗಿ ಮೆಟ್ಟು ಬಿಟ್ಟು ಚಾಪೆಯ ಮೇಲೆ ಕೂತೆ. ಸೊಸೆ ತಾಟು ತಂದಿಟ್ಟಳು, ಭಕ್ಕರಿ, ಮೇಲೆ ಚಟ್ನಿ. ಆಯಿ ಗಿಂಡಿ ಹಿಡಿದು ನನ್ನೆದುರು ಕೂತು ಕಾದಳು.

"ಈ ಸಲ ನಾ ತಗ್ಯಾಂಗಿಲ್ಲ," ಎಂದಳು. "ನೀನs ತಗಿ."

ನಾನು ಬೆರಳಿನಿಂದ ಗುಳಿ ಮಾಡಿದೆ. ಆಕೆ ಸುರಿದ ಎಣ್ಣೆ ಗುಳಿ ತುಂಬಿ ಭಕ್ಕರಿಯ ಅಂಚಿಗೂ ಹರಿಯಿತು. ಮೊದಲ ತುತ್ತು ತಿನ್ನುವ ತನಕ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಉಪ್ಪ ಜರಾ ಹೆಚ್ಚಾಗ್ಯಾದ್ರಿ," ಎಂದೆ. ಆಯಿ ಸೊಸೆಯ ಕಡೆ ತಿರುಗಿ, "ನೌಕರಿ ಬಿಟ್ಟ ಬಂದಾಳ, ನೌಕರಿ ಆಕಿನ್ನ ಬಿಟ್ಟಿಲ್ಲ" ಎಂದಳು. ಸೊಸೆ ನಕ್ಕಳು. ಅವಳು ನನ್ನೆದುರು ನಕ್ಕದ್ದನ್ನು ಆ ಬೇಸಿಗೆಯಿಂದೀಚೆಗೆ ನಾನು ನೋಡಿರಲಿಲ್ಲ. ನಾನು ಎರಡು ಭಕ್ಕರಿ ತಿಂದೆ, ಮೇಲೆ ಚಹಾ ಕುಡಿದೆ. ತುಳಸಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಹೊರಡುವಾಗ ಆಯಿ ಒಳಗಿಂದ ಒಂದು ಅರಿವೆಯ ಗಂಟು ತಂದು ಮಡಿಲಿಗಿಟ್ಟಳು. ಎಣ್ಣೆ ಹಾಕಿ ಕಲಸಿದ ನಾಲ್ಕು ಡಬ್ಬಿ ಚಟ್ನಿ. ಮನೆಮಂದಿಗೆಲ್ಲ ಒಂದೊಂದು ಎಂದಳು. ನನ್ನ ಮನೆಯಲ್ಲಿರುವುದು ನಾನು ಮತ್ತು ನನ್ನ ಗಂಡ, ಇಬ್ಬರೇ. ಅಂದಿನಿಂದ ಪ್ರತಿ ತಿಂಗಳು ಹೋಗುತ್ತೇನೆ, ಪ್ರತಿ ತಿಂಗಳೂ ನಾಲ್ಕು ಡಬ್ಬಿ ತರುತ್ತೇನೆ, ಮತ್ತು ಆಕೆಗೆ ನಾವು ಇಬ್ಬರೇ ಎಂದು ಇವತ್ತಿನವರೆಗೂ ಹೇಳಿಲ್ಲ.